ಆ ದಡದ ಗೆರೆ: ಮುಂಕ್‌ನ 'ಮೆಲಂಕೊಲಿ' ನೋಡುತ್ತಾ

(ಚಿತ್ರಕಲೆಯಲ್ಲಿ ಆಸಕ್ತಿ ಇರುವ ಒಂದಿಷ್ಟು ಜನರ ಮುಂದೆ ಸ್ಲೈಡ್ ಹಾಕಿಕೊಂಡು ಮಾತಾಡಿದ್ದರ ಬರಹ ರೂಪ ಇದು. ನಡುವೆ ಬಂದ ಪ್ರಶ್ನೆಗಳನ್ನು ಅಲ್ಲಲ್ಲೇ ಸೇರಿಸಿದ್ದೇನೆ. ಓದುವಾಗ ಫೋನಿನಲ್ಲೋ ಲ್ಯಾಪ್‌ಟಾಪಿನಲ್ಲೋ ಚಿತ್ರವನ್ನು ತೆರೆದಿಟ್ಟುಕೊಳ್ಳಿ, ಇಲ್ಲದಿದ್ದರೆ ಅರ್ಧ ಮಾತು ಗಾಳಿಗೆ ಹೋಗುತ್ತದೆ.)

ನಾರ್ವೆಯ ಚಿತ್ರಕಾರ ಎಡ್ವರ್ಡ್ ಮುಂಕ್ ಅಂದ ತಕ್ಷಣ ಎಲ್ಲರಿಗೂ ನೆನಪಾಗುವುದು 'ದಿ ಸ್ಕ್ರೀಮ್' ಚಿತ್ರದಲ್ಲಿ ಕಿವಿ ಮುಚ್ಚಿಕೊಂಡು ಬಾಯಿ ತೆರೆದು ನಿಂತ ಆ ಮುಖ. ಈಗ ಅದು ಇಮೋಜಿಯೂ ಆಗಿದೆ, ಕಾಫಿ ಕಪ್ಪಿನ ಮೇಲೂ ಬಂದಿದೆ. ಇವತ್ತು ಅದನ್ನು ಪಕ್ಕಕ್ಕಿಡೋಣ. ಅದಕ್ಕಿಂತ ಸ್ವಲ್ಪ ಮೊದಲಿನ ಒಂದು ಚಿತ್ರ ನೋಡೋಣ. ಇಲ್ಲಿ ಯಾರೂ ಕಿರುಚುವುದಿಲ್ಲ. ಒಬ್ಬ ಗಂಡಸು ಕಡಲ ದಡದಲ್ಲಿ ಕೂತಿದ್ದಾನೆ, ಅಷ್ಟೇ.

ಚಿತ್ರದ ಹೆಸರು 'ಮೆಲಂಕೊಲಿ', ಅಂದರೆ ವಿಷಾದ. ಮುಂಕ್ ಇದನ್ನು ಹಲವು ಸಲ ಬರೆದ. ತೆರೆಯ ಮೇಲೆ ಇರುವುದು 1892ರದ್ದು, ಓಸ್ಲೋದ ನ್ಯಾಷನಲ್ ಮ್ಯೂಸಿಯಂನಲ್ಲಿದೆ. ದೊಡ್ಡದೇನಲ್ಲ. 64 ಸೆಂಟಿಮೀಟರ್ ಎತ್ತರ, 96 ಸೆಂಟಿಮೀಟರ್ ಅಗಲ. ಮನೆಯ ಟಿ.ವಿ. ಇದಕ್ಕಿಂತ ದೊಡ್ಡದಿರುತ್ತದೆ.

ಮೊದಲು ಏನೇನಿದೆ ಅಂತ ಸುಮ್ನೆ ನೋಡೋಣ. ಬಲಗಡೆ ಕೆಳಗಿನ ಮೂಲೆಯಲ್ಲಿ ಅವನಿದ್ದಾನೆ. ಕಪ್ಪು ಕೋಟು, ಕೈಗೆ ಊರಿದ ತಲೆ. ಚೌಕಟ್ಟು ಅವನ ಮೈಯನ್ನು ಅರ್ಧಕ್ಕೇ ಕತ್ತರಿಸಿಬಿಟ್ಟಿದೆ, ಫೋಟೋ ತೆಗೆಯುವಾಗ ಪಕ್ಕದವರು ಅರೆಬರೆ ಸಿಕ್ಕಿಬೀಳುತ್ತಾರಲ್ಲ, ಹಾಗೆ. ಅವನ ಹಿಂದೆ ಕಲ್ಲುಗಳ ದಡ. ಆ ದಡ ಬಳುಕುತ್ತಾ ಬಳುಕುತ್ತಾ ದೂರಕ್ಕೆ ಹೋಗುತ್ತದೆ. ಅದರ ತುದಿಯ ಹತ್ತಿರ ಒಂದು ಜೆಟ್ಟಿ, ಜೆಟ್ಟಿಯ ಮೇಲೆ ಬೆರಳುಗುರಿನಷ್ಟೂ ಇಲ್ಲದ ಆಕೃತಿಗಳು, ಅವರಲ್ಲಿ ಬಿಳಿ ಉಡುಪಿನ ಒಬ್ಬ ಹೆಂಗಸು, ಅಲ್ಲೇ ಒಂದು ಹಳದಿ ದೋಣಿ. ಉಳಿದದ್ದು ನೀರು ಮತ್ತು ಆಕಾಶ.

ಸಭೆಯಲ್ಲಿ ಒಬ್ಬರು ಕೇಳಿದರು: "ಸರ್, ಇದು ಸಮುದ್ರವೇ? ಅಲೆಯೇ ಇಲ್ಲವಲ್ಲ?" ಒಳ್ಳೆಯ ಪ್ರಶ್ನೆ. ಮಲ್ಪೆಯನ್ನೋ ಗೋಕರ್ಣವನ್ನೋ ನೋಡಿದ ಕಣ್ಣಿಗೆ ಇದು ಸಮುದ್ರ ಅನಿಸುವುದೇ ಇಲ್ಲ. ಇದು ಓಸ್ಲೋ ಫಿಯೋರ್ಡ್. ಅಂದರೆ ನೆಲದೊಳಕ್ಕೆ ಉದ್ದಕ್ಕೆ ನುಗ್ಗಿ ಬಂದ ಸಮುದ್ರದ ತೋಳು. ಎರಡೂ ಕಡೆ ಭೂಮಿ ಇರುವುದರಿಂದ ದೊಡ್ಡ ಅಲೆ ಒಳಗೆ ಬರುವುದು ಕಡಿಮೆ. ಉಬ್ಬರ ಇಳಿತವೂ ತೀರಾ ಸಣ್ಣದು, ಒಂದಡಿಯ ಆಸುಪಾಸು. ನಮ್ಮ ಕಡೆ ಬೆಳಿಗ್ಗೆ ಇದ್ದ ದಡ ಸಂಜೆಗೆ ಇರುವುದಿಲ್ಲ, ನೀರು ಹತ್ತಾರು ಹೆಜ್ಜೆ ಹಿಂದೆ ಮುಂದೆ ಆಗಿರುತ್ತದೆ. ಅಲ್ಲಿ ಹಾಗಲ್ಲ. ನೀರು ಮತ್ತು ಕಲ್ಲು ಸೇರುವ ಗೆರೆ ಹೆಚ್ಚು ಕಡಿಮೆ ಅದೇ ಜಾಗದಲ್ಲಿ ನಿಂತಿರುತ್ತದೆ. ಇದನ್ನು ನೆನಪಿಟ್ಟುಕೊಳ್ಳಿ, ಯಾಕೆಂದರೆ ನಾನು ಹೇಳಬೇಕಾದದ್ದೆಲ್ಲ ಆ ಗೆರೆಯ ಬಗ್ಗೆಯೇ.

ಊರಿನ ಹೆಸರು ಓಸ್ಗೋರ್ಸ್ಟ್ರಾಂಡ್. ಓಸ್ಲೋದಿಂದ ದಕ್ಷಿಣಕ್ಕೆ ಸುಮಾರು 100 ಕಿಲೋಮೀಟರ್. ಆಗ ಓಸ್ಲೋಗೆ ಕ್ರಿಸ್ಟಿಯಾನಿಯಾ ಅಂತ ಹೆಸರಿತ್ತು. ಅಲ್ಲಿನ ಉಳ್ಳವರು, ಕಲಾವಿದರು ಬೇಸಿಗೆಗೆ ಈ ಸಣ್ಣ ಊರಿಗೆ ಬರುತ್ತಿದ್ದರು. ಮುಂಕ್ 1889ರಿಂದ ಇಲ್ಲಿ ಬೇಸಿಗೆ ಕಳೆಯಲು ಶುರುಮಾಡಿದ, 1897ರಲ್ಲಿ ಒಂದು ಪುಟ್ಟ ಬೆಸ್ತರ ಮನೆಯನ್ನೇ ಕೊಂಡ. ಆ ಮನೆ ಈಗ ಮ್ಯೂಸಿಯಂ. ಈ ಊರಲ್ಲಿ ನಡೆದಾಡುವುದೆಂದರೆ ನನ್ನದೇ ಚಿತ್ರಗಳ ನಡುವೆ ನಡೆದಾಡಿದ ಹಾಗೆ ಅಂತ ಅವನೇ ಒಮ್ಮೆ ಹೇಳಿದ್ದಾನೆ.

ಇನ್ನು ಬೆಳಕು. ನಮ್ಮಲ್ಲಿ ಸೂರ್ಯ ಮುಳುಗಿ ಅರ್ಧ ಗಂಟೆಯೊಳಗೆ ಕತ್ತಲು. ದೀಪ ಹಚ್ಚುವಷ್ಟರಲ್ಲಿ ಸಂಜೆ ಮುಗಿದೇ ಹೋಗಿರುತ್ತದೆ. ಓಸ್ಗೋರ್ಸ್ಟ್ರಾಂಡ್ ಇರುವುದು 59 ಡಿಗ್ರಿ ಉತ್ತರದಲ್ಲಿ. ಜೂನ್ ತಿಂಗಳಲ್ಲಿ ಅಲ್ಲಿ ರಾತ್ರಿ ಹತ್ತರ ಮೇಲೆ ಸೂರ್ಯ ಮುಳುಗುತ್ತಾನೆ, ಆಮೇಲೂ ಪೂರ್ತಿ ಕತ್ತಲಾಗುವುದಿಲ್ಲ. ಸಂಜೆಯೂ ಅಲ್ಲದ ರಾತ್ರಿಯೂ ಅಲ್ಲದ ಒಂದು ನೀಲಿ ಬೆಳಕು ಗಂಟೆಗಟ್ಟಲೆ ನಿಂತಿರುತ್ತದೆ. ನೆರಳು ಬೀಳುವುದಿಲ್ಲ. ವಸ್ತುಗಳ ಅಂಚು ಉಳಿಯುತ್ತದೆ, ಒಳಗಿನ ವಿವರ ಕರಗುತ್ತದೆ. ಈ ಚಿತ್ರದಲ್ಲಿ ಕಲ್ಲುಗಳು ಬರೀ ಆಕಾರಗಳಾಗಿ, ನೀರು ಒಂದು ತಿಳಿ ಬಣ್ಣದ ಹರವಾಗಿ ಕಾಣುತ್ತದಲ್ಲ, ಅದರಲ್ಲಿ ಅರ್ಧ ಪಾಲು ಆ ಊರಿನ ಬೆಳಕಿನದ್ದು. ಮುಂಕ್‌ನನ್ನು ಎಕ್ಸ್‌ಪ್ರೆಷನಿಸ್ಟ್, ಅಂದರೆ ಒಳಗಿನ ಭಾವನೆಗೆ ಒತ್ತು ಕೊಡುವ ಪಂಥದವನು, ಅನ್ನುತ್ತಾರೆ; ಹಾಗಂದರೆ ಕಂಡದ್ದನ್ನು ಬಿಟ್ಟು ಮನಸ್ಸಿಗೆ ಬಂದ ಹಾಗೆ ಬಳಿಯುವವನು ಅನ್ನುವವರಿಗೆ ನಾನು ಮೊದಲು ಹೇಳುವುದು ಇದನ್ನೇ. ಈ ಮನುಷ್ಯ ಚೆನ್ನಾಗಿ ನೋಡಿದ್ದಾನೆ ಸ್ವಾಮಿ. ನೋಡಿದ ಮೇಲೆ ಬೇಡದ್ದನ್ನು ತೆಗೆದುಹಾಕಿದ್ದಾನೆ. ನಾನು ಕಾಣುತ್ತಿರುವುದನ್ನು ಬರೆಯುವುದಿಲ್ಲ, ಕಂಡಿದ್ದನ್ನು ಬರೆಯುತ್ತೇನೆ ಅಂತ ಅವನ ಒಂದು ಮಾತಿದೆ. ನೆನಪಿನಿಂದ ಬರೆದಾಗ ಸಣ್ಣಪುಟ್ಟದ್ದು ತಾನಾಗಿ ಉದುರಿಹೋಗುತ್ತದೆ.

ಈಗ ಕಥೆಗೆ ಬರೋಣ. ಕಥೆ ಹೇಳದೆ ಬಿಟ್ಟರೆ ನೀವೇ ಗೂಗಲ್ ಮಾಡಿ ಓದುತ್ತೀರಿ, ಅದಕ್ಕಿಂತ ನಾನೇ ಹೇಳಿಬಿಡುತ್ತೇನೆ.

1891ರ ಬೇಸಿಗೆ. ಮುಂಕ್‌ನ ಗೆಳೆಯ ಯಾಪ್ಪೆ ನಿಲ್ಸೆನ್‌ಗೆ ಆಗ 21 ವರ್ಷ. ಅವನು ಊಡಾ ಕ್ರೋಗ್ ಎಂಬ ಚಿತ್ರಕಾರ್ತಿಯ ಪ್ರೀತಿಯಲ್ಲಿ ಬಿದ್ದಿದ್ದ. ಆಕೆ ಅವನಿಗಿಂತ ಹತ್ತು ವರ್ಷ ದೊಡ್ಡವಳು, ಮದುವೆಯಾದವಳು. ಗಂಡ ಯಾರು? ಕ್ರಿಸ್ಟಿಯಾನ್ ಕ್ರೋಗ್, ಆಗಿನ ನಾರ್ವೆಯ ಹೆಸರುವಾಸಿ ಚಿತ್ರಕಾರ, ಮುಂಕ್‌ಗೆ ಶುರುವಿನಲ್ಲಿ ದಾರಿ ತೋರಿಸಿದ ಗುರು. ಮೂವರೂ ಒಬ್ಬರಿಗೊಬ್ಬರು ಗೊತ್ತು, ಮೂವರೂ ಮುಂಕ್‌ಗೆ ಗೊತ್ತು. ದಡದಲ್ಲಿ ತಲೆಗೆ ಕೈಕೊಟ್ಟು ಕೂತವನು ಯಾಪ್ಪೆ. ದೂರದ ಜೆಟ್ಟಿಯಲ್ಲಿ ದೋಣಿಯ ಕಡೆ ಹೊರಟವರು ಊಡಾ ಮತ್ತು ಅವಳ ಗಂಡ ಅಂತ ಸಾಮಾನ್ಯವಾಗಿ ಓದುತ್ತಾರೆ. ಮುಂಕ್‌ಗೂ ಇದು ಬರೀ ಬೇರೆಯವರ ಮನೆಯ ಕಥೆ ಆಗಿರಲಿಲ್ಲ. ಆರು ವರ್ಷದ ಹಿಂದೆ, 1885ರಲ್ಲಿ, ಅವನೂ ಇದೇ ದಡದ ಸುತ್ತಮುತ್ತ ಮಿಲ್ಲಿ ಥೌಲೋ ಎಂಬ ಮದುವೆಯಾದ ಹೆಂಗಸನ್ನು ಪ್ರೀತಿಸಿ ಪಾಡು ಪಟ್ಟವನೇ. ಗೆಳೆಯನನ್ನು ನೋಡುತ್ತಾ ತನ್ನದೇ ಹಳೇ ಹೊಟ್ಟೆಯುರಿ ನೆನಪಾಗಿರಬೇಕು.

ಇಷ್ಟು ಕೇಳಿದ ಮೇಲೆ ಎಲ್ಲರೂ ಚಿತ್ರವನ್ನು ಬಿಟ್ಟು ಕಥೆಯನ್ನೇ ಹಿಡಿದುಕೊಳ್ಳುತ್ತಾರೆ. ನನ್ನ ತಕರಾರು ಇರುವುದು ಇಲ್ಲಿಯೇ. ಪ್ರೇಮ ವೈಫಲ್ಯದ ಕಥೆ ನಾರ್ವೆಯಲ್ಲೂ ಇದೆ, ನಮ್ಮ ಊರಿನಲ್ಲೂ ಇದೆ. ಅದನ್ನು ಚಿತ್ರ ಮಾಡಿದವರೂ ಸಾಲುಗಟ್ಟಿ ಇದ್ದಾರೆ. ಆ ಕಾಲದ ಬೇರೆ ಯಾರಾದರೂ ಆಗಿದ್ದರೆ ಏನು ಮಾಡುತ್ತಿದ್ದರು? ಅವನನ್ನು ನಡುವೆ ಕೂರಿಸಿ, ಮುಖಕ್ಕೆ ಬೆಳಕು ಬಿಟ್ಟು, ಕಣ್ಣಲ್ಲಿ ಎರಡು ಹನಿ ನೀರು ತುಂಬಿ, ಕೈಯಲ್ಲಿ ಒಂದು ಪತ್ರ ಕೊಟ್ಟಿರುತ್ತಿದ್ದರು. ಮುಂಕ್ ಅವನನ್ನು ಮೂಲೆಗೆ ತಳ್ಳಿದ್ದಾನೆ. ಮುಖದಲ್ಲಿ ಓದುವಂಥದ್ದು ಹೆಚ್ಚೇನೂ ಇಲ್ಲ. ಹಾಗಿದ್ದರೂ ಚಿತ್ರ ನೋಡಿದ ತಕ್ಷಣ ಎದೆ ಭಾರ ಆಗುತ್ತದೆ. ಹೇಗೆ?

ಒಂದು ಕೆಲಸ ಮಾಡಿ. ಹೆಬ್ಬೆರಳಿನಿಂದ ಮೂಲೆಯಲ್ಲಿರುವ ಅವನನ್ನು ಮುಚ್ಚಿ. ಈಗ ಉಳಿದದ್ದನ್ನು ನೋಡಿ. ದಡ, ನೀರು, ದೂರದ ದೋಣಿ. ಬೇಸರ ಹೋಯಿತೇ? ಸಭೆಯಲ್ಲಿ ಹೆಚ್ಚಿನವರು ಇಲ್ಲ ಅಂದರು. ಕಡಿಮೆ ಆಯಿತು ಅಂದವರೂ ಇದ್ದರು, ಪೂರ್ತಿ ಹೋಯಿತು ಅಂದವರು ಯಾರೂ ಇಲ್ಲ. ಈಗ ಬೆರಳು ತೆಗೆದು, ಒಂದು ಸ್ಕೇಲನ್ನು ದಡದ ಮೇಲೆ ಅಡ್ಡಲಾಗಿ ಇಡಿ. ಬಳುಕುವ ಗೆರೆ ಮುಚ್ಚಿಹೋಗಿ ನೆಟ್ಟಗಿನ ಒಂದು ಅಂಚು ಕಾಣಬೇಕು. ಈಗ ಮನುಷ್ಯ ಇದ್ದಾನೆ, ಕೈಗೆ ಊರಿದ ತಲೆ ಇದೆ, ಆದರೆ ಚಿತ್ರ ಸತ್ತುಹೋಯಿತು ಅಲ್ವಾ? ಅವನು ಯಾರೋ, ದೋಣಿ ಯಾವುದೋ. ನಿದ್ದೆ ಬಂದು ತೂಕಡಿಸುತ್ತಿದ್ದಾನೆ ಅಂದರೂ ನಂಬಬಹುದು.

ಗೆರೆ ಮಾಡುವ ಕೆಲಸ ಅದು. ನಿಮ್ಮ ಕಣ್ಣು ಮೊದಲು ಅವನ ತಲೆಯ ಮೇಲೆ ಬೀಳುತ್ತದೆ, ಅಷ್ಟು ದೊಡ್ಡದಾಗಿ ಕಪ್ಪಾಗಿ ಇರುವುದು ಅದೊಂದೇ. ಅಲ್ಲಿಂದ ಹೊರಬರಲು ಇರುವ ದಾರಿ ದಡ ಮಾತ್ರ. ದಡದ ಗೆರೆ ಹಿಡಿದು ಹೊರಟ ಕಣ್ಣು ಒಂದು ಕಡೆ ಬಾಗಿ, ಇನ್ನೊಂದು ಕಡೆ ಬಾಗಿ, ನಿಧಾನಕ್ಕೆ ಸಾಗಿ, ಕೊನೆಗೆ ಹೋಗಿ ನಿಲ್ಲುವುದು ಆ ಹಳದಿ ಚುಕ್ಕೆಯ ಹತ್ತಿರ. ನೆಟ್ಟಗೆ ಹೋಗಿದ್ದರೆ ಒಂದೇ ಕ್ಷಣದಲ್ಲಿ ಮುಟ್ಟಬಹುದಿತ್ತು. ಬಳಸಿಕೊಂಡು ಹೋಗಬೇಕಾದ್ದರಿಂದ ದೂರ ಎಷ್ಟು ಅಂತ ಮೈಗೆ ಗೊತ್ತಾಗುತ್ತದೆ. ಅವನಿಗೂ ಆ ದೋಣಿಗೂ ಸಂಬಂಧ ಕಟ್ಟುವುದು ಈ ಗೆರೆ, ಅವರಿಬ್ಬರನ್ನು ದೂರ ಇಡುವುದೂ ಇದೇ ಗೆರೆ. ಇನ್ನೊಂದು ಸಣ್ಣ ವಿಷಯ ಇದೆ. ಅವನ ಬಗ್ಗಿದ ಬೆನ್ನು, ಭುಜ, ತಲೆಯ ಉರುಟನ್ನು ಹಿಂದಿನ ಕಲ್ಲುಗಳ ಜೊತೆ ಇಟ್ಟು ನೋಡಿ. ಒಂದೇ ಜಾತಿಯ ಉರುಟು. ಅವನೂ ದಡದ ಒಂದು ಕಲ್ಲಾಗಿ ಕೂತಿದ್ದಾನೆ. ಏಳುವ ಲಕ್ಷಣ ಇಲ್ಲ.

ಗೆರೆಯ ಈ ಕೆಲಸವನ್ನು ಮೊದಲು ಕಂಡು ಲೇಖನ ಬರೆದವನು ಯಾರು ಗೊತ್ತಾ? ಇದೇ ಕ್ರಿಸ್ಟಿಯಾನ್ ಕ್ರೋಗ್! ಹೌದು, ಅದೇ ಗಂಡ. 1891ರ ಶರತ್ಕಾಲದ ಸರ್ಕಾರಿ ಪ್ರದರ್ಶನದಲ್ಲಿ ಈ ಚಿತ್ರದ ಮೊದಲ ರೂಪ ತೂಗುಹಾಕಿದ್ದರು. ಅದು ಪೂರ್ತಿಯಾಗಿ ಎಣ್ಣೆಬಣ್ಣದ್ದೂ ಅಲ್ಲ, ಜೊತೆಗೆ ಪೆನ್ಸಿಲ್ಲು ಕ್ರೇಯಾನುಗಳೂ ಸೇರಿವೆ. ಅರ್ಧಂಬರ್ಧ ಮಾಡಿ ತಂದಿದ್ದಾನೆ ಅಂತ ಮುಂಕ್‌ನ ಬಗ್ಗೆ ಆಗ ಎಲ್ಲರ ದೂರು. ಕ್ರೋಗ್ ಮಾತ್ರ ಪತ್ರಿಕೆಯಲ್ಲಿ ಹೊಗಳಿ ಬರೆದ. ದೂರಕ್ಕೆ ಬಳುಕಿ ಹೋಗುವ ಆ ದಡ ಸಂಗೀತದ ಹಾಗಿದೆ ಅಂದ. ದೋಣಿ ಹಳದಿ ಆಗಿರುವುದಕ್ಕೆ ಮುಂಕ್‌ಗೆ ಥ್ಯಾಂಕ್ಸ್ ಹೇಳಬೇಕು, ಅದು ಹಳದಿ ಆಗಿರದಿದ್ದರೆ ಅವನು ಈ ಚಿತ್ರವನ್ನೇ ಬರೆಯುತ್ತಿರಲಿಲ್ಲ ಅಂತಲೂ ಬರೆದ. ತನ್ನದೇ ಸಂಸಾರದ ವಿಷಯ ಗೋಡೆಯ ಮೇಲೆ ತೂಗುತ್ತಿರುವಾಗ ಅದನ್ನು ಪಕ್ಕಕ್ಕಿಟ್ಟು ಗೆರೆ ಮತ್ತು ಬಣ್ಣ ನೋಡಲು ಎಂಥ ಕಣ್ಣು ಬೇಕು ಯೋಚಿಸಿ. ಕ್ರೋಗ್‌ನ ಸ್ವಂತ ಚಿತ್ರಗಳು ಪೂರಾ ಬೇರೆ ದಾರಿಯವು, ಬಡವರ ಬದುಕನ್ನು ಇದ್ದದ್ದು ಇದ್ದ ಹಾಗೆ ತೋರಿಸುವಂಥವು. ಆದರೂ ಶಿಷ್ಯ ಬೇರೆ ದಾರಿ ಹಿಡಿದದ್ದನ್ನು ಗುರುತಿಸಿದ. ಈ ಇಡೀ ಪ್ರಕರಣದಲ್ಲಿ ನನಗೆ ಜಾಸ್ತಿ ಇಷ್ಟವಾಗುವ ಮನುಷ್ಯ ಅವನೇ.

"ದಡ ಮೊದಲಿನಿಂದಲೂ ಹೀಗೇ ಬರುತ್ತಿತ್ತಾ?" ಅಂತ ಒಬ್ಬ ಹುಡುಗಿ ಕೇಳಿದಳು. ಇಲ್ಲ. ಎರಡು ವರ್ಷ ಹಿಂದಕ್ಕೆ ಹೋಗೋಣ. 1889ರಲ್ಲಿ ಇದೇ ಊರಿನ ದಡದಲ್ಲಿ ಅವನು ತನ್ನ ತಂಗಿ ಇಂಗರ್‌ಳನ್ನು ಕಲ್ಲಿನ ಮೇಲೆ ಕೂರಿಸಿ ಬರೆದ ಚಿತ್ರ ಇದೆ. ಬಿಳಿ ಉಡುಪು, ಕೈಯಲ್ಲಿ ಹುಲ್ಲಿನ ಟೋಪಿ, ಸುತ್ತ ಪಾಚಿ ಹಿಡಿದ ದೊಡ್ಡ ದೊಡ್ಡ ಕಲ್ಲುಗಳು. ಹಿಂದೆ ನೀರು. ನೀರು ಎಲ್ಲಿ ಮುಗಿದು ಆಕಾಶ ಎಲ್ಲಿ ಶುರುವಾಗುತ್ತದೆ ಅಂತ ಹೇಳುವುದು ಕಷ್ಟ. ಬೆಳಕು ಅದೇ ನೀಲಿ ಬೆಳಕು. ಆದರೆ ದಡಕ್ಕೆ ಇನ್ನೂ ಗೆರೆ ಆಗುವ ಧೈರ್ಯ ಬಂದಿಲ್ಲ, ಕಲ್ಲು ಕಲ್ಲಾಗಿಯೇ ಇದೆ. ಇಷ್ಟಕ್ಕೇ ವಿಮರ್ಶಕರು ಮುಗಿಬಿದ್ದರು. ಇವೇನು ಕಲ್ಲುಗಳೇ, ಮೆತ್ತಗೆ ಆಕಾರವಿಲ್ಲದ ಹಾಗಿವೆ ಅಂತ ಬೈದರು. ಎರಿಕ್ ವೆರೆನ್‌ಶೋಲ್ಡ್ ಅನ್ನುವ ಹಿರಿಯ ಚಿತ್ರಕಾರ ಅದನ್ನು ದುಡ್ಡು ಕೊಟ್ಟು ಕೊಂಡುಕೊಂಡ. ಬೈಯುವವರು ಪತ್ರಿಕೆಯವರು, ಕೊಳ್ಳುವವರು ಸಹ ಕಲಾವಿದರು. ಎಲ್ಲ ಕಾಲದಲ್ಲೂ ಹೊಸಬನ ಪಾಡು ಹೀಗೇ ಇರಬೇಕು.

ನಡುವಿನ ಎರಡು ವರ್ಷದಲ್ಲಿ ಸರ್ಕಾರದ ಸ್ಕಾಲರ್‌ಶಿಪ್ ಸಿಕ್ಕಿ ಅವನು ಪ್ಯಾರಿಸ್‌ಗೆ ಹೋದ. ಹೋದ ಕೆಲವೇ ವಾರದಲ್ಲಿ ಊರಲ್ಲಿ ಅಪ್ಪ ತೀರಿಕೊಂಡರು. ಅಮ್ಮ ಅವನಿಗೆ ಐದು ವರ್ಷ ಇದ್ದಾಗಲೇ ಕ್ಷಯದಿಂದ ಹೋಗಿದ್ದರು, ಅಕ್ಕ ಸೋಫಿಯೂ 1877ರಲ್ಲಿ ಅದೇ ಕಾಯಿಲೆಗೆ. ಫ್ರಾನ್ಸಿನಲ್ಲಿ ಆಗ ಬಣ್ಣವನ್ನು ಚಪ್ಪಟೆಯಾಗಿ ಹರಡಿ, ದಪ್ಪ ಅಂಚು ಕೊಟ್ಟು, ವಿವರ ಬಿಟ್ಟು ಬರೆಯುವ ಗೋಗ್ಯಾಂ ಎಂಬ ಚಿತ್ರಕಾರ ಮತ್ತವನ ಗೆಳೆಯರ ಗಾಳಿ ಬೀಸುತ್ತಿತ್ತು. ಅದು ಅವನಿಗೂ ತಾಗಿತು. ವಾಪಸ್ ಬಂದು ಅದೇ ದಡ ನೋಡಿದಾಗ ಕಲ್ಲುಗಳು ಹಿಂದೆ ಸರಿದು ಗೆರೆ ಮುಂದೆ ಬಂತು.

1892ರ ನವೆಂಬರಿನಲ್ಲಿ ಬರ್ಲಿನ್ನಿನ ಕಲಾವಿದರ ಸಂಘ ಅವನನ್ನು ಕರೆದು ಪ್ರದರ್ಶನ ಇಡಿಸಿತು. ಒಂದೇ ವಾರದಲ್ಲಿ ಗಲಾಟೆ ಎದ್ದು, ಸದಸ್ಯರೇ ಮತ ಹಾಕಿ, ಮುಚ್ಚಬೇಕು ಅಂದವರು 120, ಬೇಡ ಅಂದವರು 105, ಮುಚ್ಚಿಸಿದರು. ಇದಕ್ಕಿಂತ ಒಳ್ಳೆಯ ಪ್ರಚಾರ ಸಿಗುವುದಿಲ್ಲ ಅಂತ ಮುಂಕ್ ಮನೆಗೆ ಖುಷಿಯಿಂದ ಪತ್ರ ಬರೆದ. ಬುದ್ಧಿವಂತ. ಅಲ್ಲಿಂದ ಮುಂದೆ ಜರ್ಮನಿಯೇ ಅವನ ಅಂಗಡಿ ಆಯಿತು. 1905ರಲ್ಲಿ ಅಲ್ಲಿನ ಡ್ರೆಸ್ಡೆನ್ ಊರಿನ ಹುಡುಗರು 'ಬ್ರ್ಯೂಕೆ' ಅಂತ ಕಲಾವಿದರ ಗುಂಪು ಕಟ್ಟಿಕೊಂಡಾಗ ಇವನನ್ನು ಹಿರಿಯಣ್ಣನ ಹಾಗೆ ನೋಡಿದರು. ಎಕ್ಸ್‌ಪ್ರೆಷನಿಸಂ ಅನ್ನುವ ಹಣೆಪಟ್ಟಿ ಬಳಕೆಗೆ ಬಂದಾಗ ಈ ದಡದ ಚಿತ್ರಕ್ಕೆ ಇಪ್ಪತ್ತು ವರ್ಷ ತುಂಬುತ್ತಿತ್ತು. ಮುಂದೆ 1937ರಲ್ಲಿ ನಾತ್ಸಿಗಳು ಜರ್ಮನಿಯ ಮ್ಯೂಸಿಯಂಗಳಿಂದ ಮುಂಕ್‌ನ 82 ಕೃತಿಗಳನ್ನು 'ಕೆಟ್ಟುಹೋದ ಕಲೆ' ಅಂತ ಹೇಳಿ ಕಿತ್ತುಹಾಕಿದರು. ಅದು ಬೇರೆಯೇ ಒಂದು ಉಪನ್ಯಾಸಕ್ಕಾಗುವಷ್ಟು ದೊಡ್ಡ ಕಥೆ, ಇಲ್ಲಿ ಬೇಡ.

ಈ ದಡವನ್ನು ಅವನು ಮತ್ತೆ ಬಿಡಲೇ ಇಲ್ಲ. ಪ್ರೀತಿ, ಹೊಟ್ಟೆಯುರಿ, ಸಾವು ಅಂತ ಒಂದು ಸಾಲು ಚಿತ್ರಗಳನ್ನು ಮಾಡಿ 'ಬದುಕಿನ ಚಿತ್ರಪಟ್ಟಿ' ಅಂತ ಒಟ್ಟಿಗೆ ತೂಗುಹಾಕಿದನಲ್ಲ, 1902ರಲ್ಲಿ ಬರ್ಲಿನ್ನಿನಲ್ಲಿ, ಅದರಲ್ಲಿ ಮತ್ತೆ ಮತ್ತೆ ಇದೇ ತೀರ ಬರುತ್ತದೆ. ಬಳುಕುವ ದಡದ ಗೆರೆಯೇ ಈ ಚಿತ್ರಗಳನ್ನೆಲ್ಲ ಒಟ್ಟಿಗೆ ಕಟ್ಟುತ್ತದೆ ಅನ್ನುವ ಅರ್ಥದಲ್ಲಿ ಅವನೇ ಬರೆದುಕೊಂಡಿದ್ದಾನೆ. 1896ರ 'ಬೇರ್ಪಡುವಿಕೆ' ನೋಡಿ. ಹೆಂಗಸು ಕಡಲಿನ ಕಡೆ ನಡೆದು ಹೋಗುತ್ತಿದ್ದಾಳೆ, ಅವಳ ಕೂದಲು ಉದ್ದಕ್ಕೆ ಹಾರಿ ಬಂದು ಹಿಂದೆ ಉಳಿದ ಗಂಡಸನ್ನು ಮುಟ್ಟುತ್ತದೆ. ಆ ಕೂದಲು ಮತ್ತು ದಡ ಎರಡೂ ಒಂದೇ ಬಳುಕು. 'ಬದುಕಿನ ಕುಣಿತ'ದಲ್ಲಿ ಜನ ಕುಣಿಯುವ ಹಸಿರು ನೆಲದ ಹಿಂದೆಯೂ ಇದೇ ನೀರು, ನೀರಿನ ಮೇಲೆ ಕಂಬದ ಹಾಗೆ ನಿಂತ ಬೆಳ್ದಿಂಗಳ ಪ್ರತಿಬಿಂಬ.

ನನ್ನನ್ನು ಎಲ್ಲಕ್ಕಿಂತ ಹಿಡಿದು ನಿಲ್ಲಿಸುವುದು ಮರದಚ್ಚಿನ ಚಿತ್ರಗಳು. 1896ರಲ್ಲಿ ಪ್ಯಾರಿಸ್ಸಿನಲ್ಲಿ ಅವನು 'ಮೆಲಂಕೊಲಿ'ಯನ್ನೇ ಮರದ ಹಲಗೆಯಲ್ಲಿ ಕೆತ್ತಿದ. ಬಣ್ಣದ ಮರದಚ್ಚು ಮಾಡುವವರು ಸಾಮಾನ್ಯವಾಗಿ ಒಂದೊಂದು ಬಣ್ಣಕ್ಕೆ ಒಂದೊಂದು ಹಲಗೆ ಕೆತ್ತಿ, ಒಂದರ ಮೇಲೊಂದು ಕೂಡುವ ಹಾಗೆ ಒತ್ತುತ್ತಾರೆ. ಜಪಾನಿನವರ ಕೈಚಳಕ ಅದು, ತುಂಬಾ ತಾಳ್ಮೆ ಬೇಕು. ಮುಂಕ್‌ಗೆ ಅಷ್ಟು ತಾಳ್ಮೆ ಇರಲಿಲ್ಲ ಅಂತ ಕಾಣುತ್ತದೆ. ಗರಗಸ ತಗೊಂಡು ಹಲಗೆಯನ್ನೇ ಆಕಾರದ ಗುಂಟ ಕೊಯ್ದ. ತುಂಡುಗಳಿಗೆ ಬೇರೆ ಬೇರೆ ಬಣ್ಣ ಹಚ್ಚಿ, ಮತ್ತೆ ಜೋಡಿಸಿಟ್ಟು, ಕಾಗದ ಹಾಕಿ ಒತ್ತಿದ. ಮಕ್ಕಳ ಜಿಗ್ಸಾ ಪಜಲ್ ಇರುತ್ತದಲ್ಲ, ಅದೇ ಉಪಾಯ. ತುಂಡುಗಳು ಎಷ್ಟೇ ಹತ್ತಿರ ಕೂತರೂ ಗರಗಸ ಹೋದ ಜಾಗದಲ್ಲಿ ಒಂದು ತೆಳ್ಳನೆ ಬಿಳಿ ಗೆರೆ ಉಳಿದುಬಿಡುತ್ತದೆ. ಅದನ್ನು ಮುಚ್ಚುವ ಗೋಜಿಗೇ ಅವನು ಹೋಗಲಿಲ್ಲ.

ಇದರ ಪೂರ್ತಿ ಫಲ ಕಾಣುವುದು 1899ರ ಇನ್ನೊಂದು ಅಚ್ಚಿನಲ್ಲಿ. 'ಇಬ್ಬರು. ಒಂಟಿಗಳು' ಅಂತ ಹೆಸರು. ಗಂಡು, ಹೆಣ್ಣು ಇಬ್ಬರೂ ನಮಗೆ ಬೆನ್ನು ಹಾಕಿ ದಡದಲ್ಲಿ ನಿಂತು ನೀರು ನೋಡುತ್ತಿದ್ದಾರೆ. ನಡುವೆ ಒಂದೆರಡು ಹೆಜ್ಜೆ ಅಂತರ. ಇಲ್ಲಿ ಹಲಗೆ ಮೂರು ತುಂಡು. ಹೆಂಗಸಿನದ್ದು ಒಂದು ಬೇರೆ ತುಂಡು. ಗಂಡಸು ಮಾತ್ರ ದಡದ ತುಂಡಿಗೇ ಅಂಟಿಕೊಂಡಿದ್ದಾನೆ. ಅವನನ್ನು ಕೊಯ್ದು ಬಿಡಿಸಿಲ್ಲ. ಹಾಗಾಗಿ ಹೆಂಗಸಿನ ಸುತ್ತ ಪೂರ್ತಿ ಆ ಬಿಳಿ ಗೆರೆ ಓಡುತ್ತದೆ. ಅವನು ನೆಲಕ್ಕೆ ಸೇರಿದವನು, ಅವಳು ಯಾವುದಕ್ಕೂ ಸೇರಿಲ್ಲ. ಇದನ್ನು ಮುಖಭಾವದಲ್ಲಿ ತೋರಿಸುವ ಹಾಗಿಲ್ಲ, ಇಬ್ಬರಿಗೂ ಮುಖವೇ ಇಲ್ಲ. ಗರಗಸ ಎಲ್ಲಿ ಓಡಬೇಕು, ಎಲ್ಲಿ ನಿಲ್ಲಬೇಕು ಅನ್ನುವುದರಲ್ಲೇ ಎಲ್ಲ ಇದೆ. ಇದೇ ವಿಷಯದ ಎಣ್ಣೆಬಣ್ಣದ ಚಿತ್ರವನ್ನು ಅವನು 1892ರಲ್ಲೇ ಬರೆದಿದ್ದ. ಅದು 1901ರಲ್ಲಿ ಹಡಗಿನಲ್ಲಿ ಹೋಗುವಾಗ ಸ್ಫೋಟ ಆಗಿ ನಾಶವಾಯಿತು. ಅಚ್ಚು ಉಳಿಯಿತು. ತುಂಡುಗಳಿಗೆ ಹೊಸ ಹೊಸ ಬಣ್ಣ ಹಚ್ಚಿ ವರ್ಷಗಟ್ಟಲೆ ಒತ್ತುತ್ತಲೇ ಇದ್ದ.

ಕೊನೆಯಲ್ಲಿ ಹಿರಿಯರೊಬ್ಬರು ಎದ್ದು ಕೇಳಿದರು: "ಅವನಿಗೆ ತಲೆ ಸರಿ ಇರಲಿಲ್ಲವಂತೆ, ಹೌದಾ?" ಕುಡಿತ ಜಾಸ್ತಿ ಇತ್ತು, 1908ರಲ್ಲಿ ಕೋಪನ್‌ಹೇಗನ್ನಿನ ಒಂದು ಕ್ಲಿನಿಕ್ ಸೇರಿ ತಿಂಗಳುಗಟ್ಟಲೆ ಚಿಕಿತ್ಸೆ ತಗೊಂಡದ್ದೂ ನಿಜ. ಆದರೆ ತಲೆ ಕೆಟ್ಟವನು ಹಲಗೆಯನ್ನು ಆ ಲೆಕ್ಕದಲ್ಲಿ ಕೊಯ್ಯುವುದಿಲ್ಲ. ಒಂದೇ ದಡವನ್ನು ಹತ್ತು ಹದಿನೈದು ವರ್ಷ ತಿರುವಿ ತಿರುವಿ ನೋಡಿ ಪ್ರತಿ ಸಲ ಒಂದಿಷ್ಟು ಕಡಿಮೆ ಮಾಡುತ್ತಾ ಹೋಗುವುದೂ ಹುಚ್ಚಿನ ಕೆಲಸ ಅಲ್ಲ, ಅದು ಕಸುಬು.

ಯಾಪ್ಪೆ ಏನಾದ ಅಂತಲೂ ಕೇಳಿದರು. ಅವನು ಆಮೇಲೆ ಲೇಖಕನಾದ, ಕಲಾ ವಿಮರ್ಶಕನಾದ, ಮುಂಕ್‌ನ ಪರವಾಗಿ ಗಟ್ಟಿಯಾಗಿ ನಿಂತ. 1909ರಲ್ಲಿ ಮುಂಕ್ ಅವನ ಆಳೆತ್ತರದ ಭಾವಚಿತ್ರ ಬರೆದಿದ್ದಾನೆ. ನೇರಳೆ ಸೂಟು ಹಾಕಿಕೊಂಡು, ಹಸಿರು ಹಿನ್ನೆಲೆಯ ಮುಂದೆ ಜಬರ್ದಸ್ತಾಗಿ ನಿಂತಿದ್ದಾನೆ. ಪಕ್ಕದಲ್ಲಿ ದಡ ಇಲ್ಲ.

'ಮೆಲಂಕೊಲಿ'ಯ ಇನ್ನೊಂದು ಒಳ್ಳೆಯ ರೂಪ, 1894–96ರದ್ದು, ನಾರ್ವೆಯದೇ ಇನ್ನೊಂದು ಊರಾದ ಬರ್ಗನ್‌ನಲ್ಲಿದೆ. ಇಂಗರ್‌ಳ ಚಿತ್ರವೂ ಅಲ್ಲೇ ಇದೆ. ಅಲ್ಲಿಯವರೆಗೆ ಹೋಗಲಾಗದವರು ಆನ್‌ಲೈನಿನಲ್ಲಿ ಓಸ್ಲೋದ್ದನ್ನೂ ಬರ್ಗನ್‌ನದ್ದನ್ನೂ ಅಕ್ಕಪಕ್ಕ ತೆರೆದು, ದಡದ ಗೆರೆಯನ್ನೊಂದೇ ಒಂದು ಹಾಳೆಯ ಮೇಲೆ ಪೆನ್ಸಿಲ್ಲಿನಲ್ಲಿ ನಕಲು ಮಾಡಿ ನೋಡಿ. ಮನುಷ್ಯ, ದೋಣಿ ಏನೂ ಬೇಡ. ಎರಡು ಗೆರೆಗಳಲ್ಲಿ ವ್ಯತ್ಯಾಸ ಎಲ್ಲಿದೆ ಅಂತ ನಿಮ್ಮ ಕೈಯೇ ಹೇಳುತ್ತದೆ. ಮುಂದಿನ ಸಲ ಸೇರಿದಾಗ ಆ ಹಾಳೆಗಳನ್ನು ತನ್ನಿ, ಅಲ್ಲಿಂದಲೇ ಮಾತು ಶುರುಮಾಡೋಣ.